ಬರೇ ಮಾತಿಗೆ ಯಾಕೆ ದುಡ್ಡು?

"ಬರೇ ಮಾತು ಮಾರಾಯ್ರೆ. ಒಂದು ಮಾತ್ರೆ ಸಹ ಕೊಡ್ಲಿಲ್ಲ."

ಮನಶ್ಶಾಸ್ತ್ರಜ್ಞರ ಹತ್ತಿರ ಒಮ್ಮೆ ಹೋಗಿ ಬಂದ ಕೃಷಿಕರ ಬಾಯಲ್ಲಿ ನಾನು ಕೇಳುವ ದೂರು ಇದು. ಎರಡನೇ ಸಲ ಅವರು ಹೋಗುವುದಿಲ್ಲ. ಅವರನ್ನು ದೂರಿ ಫಲವಿಲ್ಲ. ಪಂಪು ಕೆಟ್ಟರೆ ಯಾರ ಹತ್ತಿರ ಒಯ್ಯಬೇಕು, ಎಷ್ಟು ದಿನ ಹಿಡಿಯಬಹುದು ಅಂತ ಹೇಳಲು ಊರಲ್ಲಿ ಹತ್ತು ಜನ ಇದ್ದಾರೆ. ಮನಸ್ಸು ಕೆಟ್ಟರೆ ಹೇಳುವವರು ಒಬ್ಬರೂ ಇಲ್ಲ.

ನಾನು ಎರಡು ಎಕರೆ ಅಡಿಕೆ ತೋಟದವ. 2018ರ ಮಳೆಗಾಲದಲ್ಲಿ ಕೊಳೆರೋಗ ಬಂದು ಅರ್ಧಕ್ಕಿಂತ ಹೆಚ್ಚು ಕಾಯಿ ಬುಡಕ್ಕೆ ಬಿತ್ತು. ಸೊಸೈಟಿ ಸಾಲದ ಕಂತು ಎದುರಿಗಿತ್ತು. ನಿದ್ದೆ ಹೋಯಿತು, ಊಟ ಸೇರದಾಯಿತು, ತೋಟಕ್ಕೆ ಇಳಿಯಲು ಕಾಲೇ ಬರುತ್ತಿರಲಿಲ್ಲ. ಪೇಟೆಯ ಡಾಕ್ಟರು ಥೈರಾಯ್ಡ್ ತೊಂದರೆ ಇಲ್ಲ ಅಂತ ರಕ್ತ ಪರೀಕ್ಷೆಯಲ್ಲಿ ನೋಡಿಕೊಂಡು, ಮನಶ್ಶಾಸ್ತ್ರಜ್ಞರಿಗೆ ಚೀಟಿ ಬರೆದರು. ಒಟ್ಟು ಹನ್ನೊಂದು ಸಲ ಹೋದೆ. ಆ ಅನುಭವದಿಂದ ನಾನು ಹೇಳುವುದು ಇಷ್ಟೇ: ಒಂದೇ ಭೇಟಿಯಲ್ಲಿ ಇದರ ಬೆಲೆ ಕಟ್ಟಬೇಡಿ. ನಾಲ್ಕೈದು ಸಲ ಹೋಗುವ ಲೆಕ್ಕ ಹಾಕಿಯೇ ಮನೆಯಿಂದ ಹೊರಡಿ.

ಇಬ್ಬರು ಬೇರೆ ಬೇರೆ

ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮುಗಿಸಿ ಮೇಲೆ ಓದಿದ ಡಾಕ್ಟರು. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮನಶ್ಶಾಸ್ತ್ರ ಓದಿ, ಆಸ್ಪತ್ರೆಯಲ್ಲಿ ತರಬೇತಿ ಪಡೆದವರು. ಇವರು ಮಾತ್ರೆ ಕೊಡುವುದಿಲ್ಲ. ಮಾತು ಮತ್ತು ಅಭ್ಯಾಸಗಳ ಮೂಲಕ ಚಿಕಿತ್ಸೆ ಮಾಡುತ್ತಾರೆ. ಹಾಗಾಗಿ ಮಾತ್ರೆ ಸಿಗಲಿಲ್ಲ ಎಂದು ಬೇಸರಿಸುವುದು ಸರಿಯಲ್ಲ. ಕೆಲವರಿಗೆ ಎರಡೂ ಬೇಕಾಗುತ್ತದೆ. ಆಗ ಇವರೇ ಮನೋವೈದ್ಯರ ಹತ್ತಿರ ಕಳುಹಿಸುತ್ತಾರೆ. ಈಗಾಗಲೇ ಮಾತ್ರೆ ತಿನ್ನುತ್ತಿದ್ದವರು ಬರೆದುಕೊಟ್ಟ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

ಬೋರ್ಡು ಹಾಕಿಕೊಂಡವರೆಲ್ಲ ಕಲಿತವರಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ. "ನಿಮ್ಮ ಆರ್‌ಸಿಐ ನಂಬರ್ ಉಂಟಾ?" ಅಂತ ಕೇಳಲು ನಾಚಿಕೆ ಬೇಡ. ಗಿಡ ತರುವಾಗ ಯಾವ ನರ್ಸರಿಯದ್ದು ಅಂತ ಕೇಳುವುದಿಲ್ಲವೇ?

ಮೊದಲ ದಿನ

ಮೊದಲ ಭೇಟಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಅಂದು ಹೆಚ್ಚಾಗಿ ಪ್ರಶ್ನೆಗಳೇ. ನಿದ್ದೆ ಹೇಗೆ, ಹಸಿವು ಹೇಗೆ, ಯಾವಾಗಿನಿಂದ, ಮನೆಯಲ್ಲಿ ಯಾರ್ಯಾರು, ಸಾಲ ಎಷ್ಟು, ಕುಡಿತ ಉಂಟಾ, ಕುಟುಂಬದಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ? ಕೆಲವರು ಅಚ್ಚು ಹಾಕಿದ ಪ್ರಶ್ನೆಗಳ ಹಾಳೆ ಕೊಟ್ಟು ಗುರುತು ಹಾಕಿಸುತ್ತಾರೆ. ಇದು ಪಾಸು ಫೇಲಿನ ಪರೀಕ್ಷೆ ಅಲ್ಲ. ಅಳು ಬಂದರೆ ಅಳಬಹುದು. ಹೇಳಲು ಮನಸ್ಸಿಲ್ಲದ್ದನ್ನು "ಇವತ್ತು ಬೇಡ" ಅನ್ನಬಹುದು.

ಸಾಯುವ ಯೋಚನೆ ಬರುತ್ತದೆಯೇ ಅಂತ ನೇರವಾಗಿ ಕೇಳುತ್ತಾರೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಬೇಡ, ಹಾಗಾಗುವುದಿಲ್ಲ. ನನ್ನನ್ನೂ ಕೇಳಿದರು. "ಬರ್ತದೆ" ಅಂದೆ. ನನ್ನ ಒಪ್ಪಿಗೆ ಕೇಳಿ ಹೆಂಡತಿಯನ್ನು ಒಳಗೆ ಕರೆದರು. ಮನೆಯಲ್ಲಿದ್ದ ಕೀಟನಾಶಕ, ಕಳೆನಾಶಕದ ಡಬ್ಬಿಗಳಿಗೆ ಬೀಗ ಹಾಕಿ ಕೀಲಿಕೈ ಅವಳ ಹತ್ತಿರ ಇಟ್ಟುಕೊಳ್ಳಲು ಹೇಳಿದರು. ಇಂಥ ಯೋಚನೆಯ ಕಾವು ಹೆಚ್ಚಾಗಿ ಸ್ವಲ್ಪ ಹೊತ್ತಿನದು. ಆ ಹೊತ್ತಿಗೆ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಮನಸ್ಸು ಸರಿ ಇದ್ದವರ ಮನೆಯಲ್ಲೂ ಈ ಬೀಗ ಇರಲಿ ಎಂಬುದು ನನ್ನ ಒತ್ತಾಯ.

ಗುಟ್ಟು ಹೊರಗೆ ಹೋದೀತೇ?

ಊರಲ್ಲಿ ಎಲ್ಲರಿಗೂ ಇರುವ ಭಯ ಇದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆಯ ವಿಷಯ ಗುಟ್ಟಾಗಿ ಉಳಿಯುವುದು ನಮ್ಮ ಹಕ್ಕು. ಆದರೆ ಜೀವಕ್ಕೆ ಅಪಾಯ ಇದ್ದರೆ, ಅಥವಾ ಕೋರ್ಟು ಕೇಳಿದರೆ, ಅಗತ್ಯದಷ್ಟು ಹೇಳಬೇಕಾಗುತ್ತದೆ. ಇದನ್ನು ಮೊದಲ ದಿನವೇ ಬಿಡಿಸಿ ಹೇಳಬೇಕು. ಹೇಳದಿದ್ದರೆ ನಾವೇ ಕೇಳಬೇಕು. ಒಂದು ಭೇಟಿಗೆ ಎಷ್ಟು ಶುಲ್ಕ, ಎಷ್ಟು ದಿನಕ್ಕೊಮ್ಮೆ ಬರಬೇಕು, ಅಂದಾಜು ಎಷ್ಟು ಸಲ ಅಂತಲೂ ಕೇಳಿ. ಸಾಮಾನ್ಯವಾಗಿ ಶುರುವಿಗೆ ವಾರಕ್ಕೊಮ್ಮೆ. ಕೊಯ್ಲಿನ ಸಮಯವಾದರೆ ಮೊದಲೇ ಹೇಳಿ ದಿನ ಹೊಂದಿಸಿಕೊಳ್ಳಬಹುದು.

ಕೆಲಸ ನಡೆಯುವುದು ಮನೆಯಲ್ಲಿ

ವಾರದಲ್ಲಿ ಒಂದು ಗಂಟೆ ಮಾತ್ರ ಅವರ ಎದುರು ಕೂರುವುದು. ಉಳಿದ ದಿನಕ್ಕೆ ಮನೆಕೆಲಸ ಕೊಡುತ್ತಾರೆ. ನನಗೆ ಕೊಟ್ಟ ಮೊದಲ ಕೆಲಸ, ದಿನಾ ಬೆಳಿಗ್ಗೆ ಹತ್ತು ನಿಮಿಷ ತೋಟಕ್ಕೆ ಇಳಿದು ಬರುವುದು. ಮನಸ್ಸು ಬಂದ ಮೇಲಲ್ಲ, ಬರದಿದ್ದರೂ. ಎರಡನೆಯದು, ಮನಸ್ಸು ಕುಸಿದಾಗ ತಲೆಯಲ್ಲಿ ಓಡಿದ ಮಾತನ್ನು ನೋಟ್ ಬುಕ್ಕಿನಲ್ಲಿ ಬರೆಯುವುದು. "ನನ್ನಿಂದಲೇ ತೋಟ ಹಾಳಾಯ್ತು" ಅಂತ ಬರೆದಿದ್ದೆ. ಅವರು ಕೇಳಿದರು, "ಪಕ್ಕದ ತೋಟಗಳಲ್ಲಿ ಕೊಳೆ ಬರ್ಲಿಲ್ವಾ?" ಬಂದಿತ್ತು. ಎರಡು ಸಲ ಬೋರ್ಡೋ ಬಿಟ್ಟವರ ತೋಟದಲ್ಲೂ ಬಂದಿತ್ತು. ನಾನೂ ಎರಡು ಸಲ ಬಿಟ್ಟಿದ್ದೆ. ಹೀಗೆ ಯೋಚನೆಯನ್ನು ಹಿಡಿದು, ಅದು ಎಷ್ಟು ನಿಜ ಅಂತ ಪರೀಕ್ಷಿಸುವ ಕ್ರಮಕ್ಕೆ ಸಿಬಿಟಿ ಎನ್ನುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಏರನ್ ಬೆಕ್ ಎಂಬ ಮನೋವೈದ್ಯರು ಬೆಳೆಸಿದ ಕ್ರಮ ಇದರ ಬುಡ.

ಮೊದಲ ಎರಡು ಮೂರು ಭೇಟಿಯ ನಂತರ ಮನಸ್ಸು ಇನ್ನೂ ಭಾರ ಆಗಬಹುದು. ಹೂತಿಟ್ಟದ್ದನ್ನು ಮೇಲೆ ತೆಗೆದಾಗ ಹಾಗಾಗುತ್ತದೆ. ನನಗೆ ನಿದ್ದೆ ಹತ್ತಲು ಶುರುವಾದದ್ದು ಐದನೇ ಭೇಟಿಯ ಹೊತ್ತಿಗೆ. ಬೋರ್ಡೋ ಒಮ್ಮೆ ಬಿಟ್ಟು ಮಳೆಗಾಲ ಪೂರ್ತಿ ನಿಶ್ಚಿಂತೆಯಿಂದ ಕೂರುತ್ತೇವೆಯೇ? 40-45 ದಿನಕ್ಕೆ ಇನ್ನೊಮ್ಮೆ ಬಿಡುತ್ತೇವೆ. ಇಲ್ಲೂ ಅಷ್ಟು ತಾಳ್ಮೆ ಬೇಕು. ಹೊಂದಾಣಿಕೆ ಆಗದಿದ್ದರೆ ಅವರಿಗೇ ಹೇಳಿ. ಆಮೇಲೂ ಸರಿಹೋಗದಿದ್ದರೆ ಬೇರೆಯವರನ್ನು ನೋಡಿ. ಇದರಲ್ಲಿ ಮುಲಾಜು ಬೇಡ.

"ಸಾಲ ತೀರ್ತದಾ?"

ನಮ್ಮ ಭಾವ ಕೇಳಿದ ಪ್ರಶ್ನೆ. ತೀರುವುದಿಲ್ಲ. ಅಡಿಕೆ ಧಾರಣೆ ಏರುವುದೂ ಇಲ್ಲ, ಎಲೆಚುಕ್ಕಿ ವಾಸಿಯಾಗುವುದೂ ಇಲ್ಲ. ಕೃಷಿಕರ ಸಂಕಟಕ್ಕೆಲ್ಲ ಕೌನ್ಸೆಲಿಂಗ್ ಒಂದೇ ಮದ್ದು ಅಂತ ಯಾರಾದರೂ ಭಾಷಣ ಮಾಡಿದರೆ ನಾನು ಒಪ್ಪುವುದಿಲ್ಲ. ನ್ಯಾಯವಾದ ಬೆಲೆ, ಸಮಯಕ್ಕೆ ಸರಿಯಾದ ಬೆಳೆವಿಮೆ ನಮಗೆ ಬೇಕೇ ಬೇಕು. ಆದರೆ ಹತ್ತು ರಾತ್ರಿ ನಿದ್ದೆ ಇಲ್ಲದ ತಲೆ ಸಾಲದ ಲೆಕ್ಕ ಹಾಕಲಾರದು. ಅಂಥ ತಲೆಯಲ್ಲಿ ತೋಟ ಮಾರುವ ಕಾಗದಕ್ಕೆ ರುಜು ಹಾಕುತ್ತಾರೆ, ಇಲ್ಲದಿದ್ದರೆ ಅದಕ್ಕಿಂತ ಕೆಟ್ಟದ್ದು ಮಾಡಿಕೊಳ್ಳುತ್ತಾರೆ. ನನ್ನ ಕಂತನ್ನು ಮುಂದೂಡಲು ಅರ್ಜಿ ಬರೆದು ಸೊಸೈಟಿಗೆ ಹೋದದ್ದು ಏಳನೇ ಭೇಟಿಯ ನಂತರ. ಸಾಲ ಅಷ್ಟೇ ಇತ್ತು. ಬಾಗಿಲು ದಾಟಿ ಹೋಗಿ ಮಾತಾಡುವ ಧೈರ್ಯ ಬಂದಿತ್ತು.

ಎಲ್ಲಿ ಸಿಗ್ತಾರೆ?

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೊಡ್ಡವು. ಎಲ್ಲರೂ ಅಷ್ಟು ದೂರ ಹೋಗಬೇಕಾಗಿಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟು 1996ರಲ್ಲಿ ಕೇಂದ್ರ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿತು. ಮೊದಲು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿಗೂ ಹೋಗಲು ಆಗದವರಿಗೆ ಫೋನ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್, ನಂಬರ್ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ನನ್ನದೊಂದು ಸಲಹೆ. ಪ್ರತಿ ಸೊಸೈಟಿಯ ಗೋಡೆಯಲ್ಲಿ, ಅಡಿಕೆ ಧಾರಣೆ ಬರೆಯುವ ಬೋರ್ಡಿನ ಪಕ್ಕದಲ್ಲೇ, ಈ ನಂಬರನ್ನು ದೊಡ್ಡದಾಗಿ ಬರೆಸಬೇಕು. ಧಾರಣೆ ನೋಡಲು ಎಲ್ಲರೂ ಬರುತ್ತಾರೆ. ಯಾರಿಗೆ ಬೇಕೋ ಅವರು ಯಾರನ್ನೂ ಕೇಳದೆ ನೋಡಿಕೊಂಡು ಹೋಗಲಿ. ಚಿಕಿತ್ಸೆಗೆ ಹೋಗಿ ಬಂದ ಕೃಷಿಕರು, ಮುಖ್ಯವಾಗಿ ಮಹಿಳೆಯರು, ತಮ್ಮ ಅನುಭವವನ್ನು ಹೆಸರಿಲ್ಲದೆಯಾದರೂ ಈ ಪುಟಗಳಿಗೆ ಬರೆಯಬೇಕು. ಹೊರಡಲೋ ಬೇಡವೋ ಅಂತ ಕೂತವರಿಗೆ ಹೋಗಿ ಬಂದವರ ಮಾತೇ ದಾರಿ ತೋರಿಸೀತು.