ಫಲಕದ ಹಿಂದಿನ ಕೆಲಸ
ಹಿಂಜವಡಿಯ ಐಟಿ ನೌಕರಿ ಹಿಡಿದು ಪುಣೆಯ ವಾಕಡದಲ್ಲಿ ಮನೆ ಮಾಡಿರುವ ಕನ್ನಡಿಗರು ಆಸ್ಪತ್ರೆ ಆರಿಸುವಾಗ ‘ಎನ್‌ಎಬಿಎಚ್ ಮಾನ್ಯತೆ’ಯ ಫಲಕ ಹುಡುಕುತ್ತಾರೆ. ಅದು ಆಸ್ಪತ್ರೆ ತಾನಾಗಿ ಕೇಳಿ ಪಡೆಯುವ ಗುಣಮಟ್ಟದ ಮುದ್ರೆ. ಕಡ್ಡಾಯವಾದದ್ದು 1949ರ ನರ್ಸಿಂಗ್ ಹೋಂ ನೋಂದಣಿ ಕಾಯ್ದೆಯಡಿ, ವಾಕಡ ಸೇರುವ ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆಯಲ್ಲಿ ಮಾಡಿಸುವ ನೋಂದಣಿ. ನಮ್ಮ ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ ಕೆಪಿಎಂಇ ಕಾಯ್ದೆಯ ನೋಂದಣಿ ಇದ್ದ ಹಾಗೆ. ಎರಡರ ಭಾರವೂ ಇಳಿಯುವುದು ಹೆಚ್ಚಾಗಿ ಕೆಳಹಂತದ ಸಿಬ್ಬಂದಿಯ ಹೆಗಲಿಗೆ. ಕಸ ಬೇರ್ಪಡಿಸುವುದನ್ನೇ ನೋಡಿ: ರಕ್ತ ಮೆತ್ತಿದ ಹತ್ತಿ ಹಳದಿ ಚೀಲಕ್ಕೆ, ಐವಿ ಟ್ಯೂಬು ಕೆಂಪಿಗೆ, ಸೂಜಿ ಬಿಳಿ ಡಬ್ಬಿಗೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ರಕ್ತ ಮೆತ್ತಿದ ಹತ್ತಿಯಂಥ ಸಂಸ್ಕರಿಸದ ಕಸವನ್ನು ಸಾಮಾನ್ಯವಾಗಿ 48 ಗಂಟೆ ಮೀರಿ ಇಟ್ಟುಕೊಳ್ಳುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಂತೆ ಗರ್ಭಿಣಿಯ ಪ್ರತಿ ಸ್ಕ್ಯಾನಿಂಗ್‌ಗೂ ‘ಫಾರ್ಮ್ ಎಫ್’ ತುಂಬಬೇಕು, ಒಂದು ಕಾಲಂ ಖಾಲಿ ಬಿಟ್ಟರೂ ಕೇಸು ಬೀಳಬಹುದು. ರಾತ್ರಿ ಪಾಳಿಯ ಸಿಸ್ಟರ್ ರೋಗಿಗಳನ್ನೂ ನೋಡಬೇಕು, ರಿಜಿಸ್ಟರನ್ನೂ ಬರೆಯಬೇಕು. ತಪಾಸಣೆಯ ಮುನ್ನಾದಿನ ಇಡೀ ತಿಂಗಳ ಸಹಿಗಳು ಒಂದೇ ಪೆನ್ನಿನಲ್ಲಿ ಮೂಡುವ ಪವಾಡ ಎಲ್ಲೂ ನಡೆಯುವುದಿಲ್ಲ ಎಂದೇ ನಂಬೋಣ! ಸಿಬ್ಬಂದಿ ಸಾಕಷ್ಟಿಲ್ಲದ ಕಡೆ ಮಾನ್ಯತೆ ಬರೀ ಕಾಗದ. ರೋಗಿಗಳ ಹಕ್ಕುಗಳ ಸನ್ನದು ಮತ್ತು ದರಪಟ್ಟಿ ಎಲ್ಲರಿಗೂ ಕಾಣುವಂತಿರಬೇಕೆಂದು ಮಹಾರಾಷ್ಟ್ರದ 2021ರ ನಿಯಮ ಹೇಳುತ್ತದೆ. ಕಾಣದಿದ್ದರೆ ರಿಸೆಪ್ಷನ್‌ನಲ್ಲಿ ಸಂಕೋಚವಿಲ್ಲದೆ ಕೇಳಿ.