ಬಯೋಡೀಸೆಲ್ ತೊಳೆಯಲು ನೀರೇ ಬೇಕೆ, ಬೂದಿ ಸಾಲದೆ?

ಜೈವಿಕ ಇಂಧನದ ಮಾತು ಬಂದಾಗಲೆಲ್ಲ ಚರ್ಚೆ ಎಣ್ಣೆಯ ಸುತ್ತಲೇ ಗಿರಕಿ ಹೊಡೆಯುತ್ತದೆ. ಹೊಂಗೆ ಬೀಜ ಆಯುವವರು ಯಾರು, ಹೋಟೆಲುಗಳ ಕರಿದೆಣ್ಣೆಗೆ ಏನು ಬೆಲೆ, ಇಂಥವೇ ಪ್ರಶ್ನೆಗಳು. ಎಣ್ಣೆ ಬಯೋಡೀಸೆಲ್ ಆದ ಮೇಲೆ ಅದನ್ನು ತೊಳೆಯಬೇಕು ಎಂಬುದು ಮಾತ್ರ ಹೆಚ್ಚು ಜನರಿಗೆ ಗೊತ್ತಿಲ್ಲ. ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿ ಬದುಕುವ ಯಲಹಂಕ, ಹೆಬ್ಬಾಳದ ಕಡೆ ನಿಜವಾದ ತೊಡಕು ಇರುವುದೇ ಈ ತೊಳೆಯುವ ಕೆಲಸದಲ್ಲಿ.

ಹೊಂಗೆ, ಬೇವು, ಹಿಪ್ಪೆಗಳ ವಿಷಯ ಈ ಭಾಗಕ್ಕೆ ಹೊಸದಲ್ಲ. ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯ ಹಾಸನದ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಬೆಳೆಸಿತು. ರಾಜ್ಯ ಸರ್ಕಾರ 2009ರಲ್ಲೇ ತನ್ನದೊಂದು ಜೈವಿಕ ಇಂಧನ ನೀತಿ ತಂದಿತು. ಕೇಂದ್ರದ 2018ರ ನೀತಿಯ ಗುರಿ, 2030ರ ಹೊತ್ತಿಗೆ ಡೀಸೆಲ್‌ಗೆ ಶೇ 5ರಷ್ಟು ಬಯೋಡೀಸೆಲ್ ಬೆರೆಸುವುದು. ಅದೇ ವರ್ಷ ಆಹಾರ ಸುರಕ್ಷತಾ ಪ್ರಾಧಿಕಾರವು ಮತ್ತೆ ಮತ್ತೆ ಕಾಯಿಸಿದ ಅಡುಗೆ ಎಣ್ಣೆಯನ್ನು ಬಾಣಲೆಯಿಂದ ಇಂಧನದ ಕಡೆ ತಿರುಗಿಸುವ ಯೋಜನೆ ಆರಂಭಿಸಿತು.

ಇನ್ನು ತಯಾರಿಕೆಯ ಕಡೆ ಬರೋಣ. ಎಣ್ಣೆಗೆ ಮೆಥನಾಲ್ ಮತ್ತು ಚೂರು ಕಾಸ್ಟಿಕ್ ಸೋಡಾ ಸೇರಿಸಿ, ಬಿಸಿ ಮಾಡಿ ಕಲಕಿದರೆ ಎಣ್ಣೆಯ ಅಣು ಒಡೆಯುತ್ತದೆ. ಬಯೋಡೀಸೆಲ್ ಮೇಲೆ ನಿಲ್ಲುತ್ತದೆ, ಭಾರವಾದ ಗ್ಲಿಸರಿನ್ ತಳಕ್ಕಿಳಿಯುತ್ತದೆ. ಆದರೆ ಮೇಲಿನದು ಶುದ್ಧವಲ್ಲ. ಅದರಲ್ಲಿ ಉಳಿಕೆ ಮೆಥನಾಲ್, ಗ್ಲಿಸರಿನ್, ಸೋಡಾ, ಮತ್ತೆ ಎಣ್ಣೆಯ ಆಮ್ಲಾಂಶದಿಂದ ಹುಟ್ಟಿದ ಸಾಬೂನು ಕೂಡ ಇರುತ್ತವೆ. ಹೊಂಗೆ ಎಣ್ಣೆಯಲ್ಲೂ ಹಳೆಯ ಕರಿದೆಣ್ಣೆಯಲ್ಲೂ ಆಮ್ಲ ಜಾಸ್ತಿ. ಅದನ್ನು ಮೊದಲೇ ತಗ್ಗಿಸದಿದ್ದರೆ ಸಾಬೂನೂ ಜಾಸ್ತಿ. ಹಾಗೇ ಎಂಜಿನ್ನಿಗೆ ಸುರಿದರೆ ಫಿಲ್ಟರ್ ಕಟ್ಟುತ್ತದೆ, ಇಂಜೆಕ್ಟರ್‌ಗೆ ಗಸಿ ಹಿಡಿಯುತ್ತದೆ. ಆದ್ದರಿಂದಲೇ ಭಾರತೀಯ ಮಾನಕ ಐಎಸ್ 15607 ಬಿಡಿ ಗ್ಲಿಸರಿನ್ ಶೇ 0.02 ದಾಟಬಾರದು, ಸೋಡಿಯಂ–ಪೊಟ್ಯಾಸಿಯಂ ಒಟ್ಟು ಕೆ.ಜಿ.ಗೆ 5 ಮಿಲಿಗ್ರಾಂ ಮೀರಬಾರದು ಎಂದು ಕಟ್ಟುನಿಟ್ಟು ಮಾಡಿದೆ.

ವಾಡಿಕೆಯ ದಾರಿ ಬಿಸಿನೀರಿನಲ್ಲಿ ತೊಳೆಯುವುದು. ವಿಧಾನ ನೋಡಿಕೊಂಡು 100 ಲೀಟರ್ ಬಯೋಡೀಸೆಲ್‌ಗೆ 20ರಿಂದ 120 ಲೀಟರ್‌ವರೆಗೆ ಕೊಳೆನೀರು ಹುಟ್ಟುತ್ತದೆ. ಕಲಕುವುದು ಸ್ವಲ್ಪ ಜೋರಾದರೆ ಎಣ್ಣೆ–ನೀರು ಮಜ್ಜಿಗೆಯಂತೆ ಬೆರೆತು ಗಂಟೆಗಟ್ಟಲೆ ಬೇರೆಯಾಗುವುದಿಲ್ಲ. ಕೊನೆಗೆ ಉಳಿದ ತೇವ ಓಡಿಸಲು ಮತ್ತೆ ಬೆಂಕಿ. ಆ ಕೊಳೆನೀರಿನ ಗ್ಲಿಸರಿನ್, ಮೆಥನಾಲ್ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಕಬಳಿಸುತ್ತವೆ. ಇಲ್ಲಿನ ಚರಂಡಿಗಳ ಹರಿವು ಹೆಬ್ಬಾಳ–ನಾಗವಾರ ಕಣಿವೆಗೆ. ಆ ಕಣಿವೆಯ ಸಂಸ್ಕರಿಸಿದ ನೀರನ್ನು ದಿನಕ್ಕೆ 21 ಕೋಟಿ ಲೀಟರ್‌ನಷ್ಟು ಚಿಕ್ಕಬಳ್ಳಾಪುರ ಮೊದಲಾದ ಕಡೆಯ ಕೆರೆಗಳಿಗೆ ಹರಿಸುವ ಯೋಜನೆ ಇದೆ. ಹಸಿರು ಇಂಧನದ ಹೆಸರಿನಲ್ಲಿ ಅದೇ ನೀರಿಗೆ ಇನ್ನಷ್ಟು ಕೊಳೆ ಸೇರಿಸುವುದು ಜಾಣತನವಲ್ಲ.

ಒಣ ವಿಧಾನಗಳೂ ಇವೆ. ಕಾರ್ಖಾನೆಗಳು ಮೆಗ್ನೀಸಿಯಂ ಸಿಲಿಕೇಟ್ ಪುಡಿಯನ್ನೋ ರಾಳದ ಮಣಿಗಳನ್ನೋ ಬಳಸುತ್ತವೆ, ಎರಡೂ ದುಬಾರಿ. ಅದಕ್ಕೆ ಬದಲು ಮರದ ಹೊಟ್ಟು, ಕಬ್ಬಿನ ಸಿಪ್ಪೆ, ತೆಂಗಿನ ಚಿಪ್ಪಿನ ಇದ್ದಿಲು ಪರೀಕ್ಷೆಗೆ ಒಳಗಾಗಿವೆ. ನನಗೆ ಹೆಚ್ಚು ಭರವಸೆ ಇರುವುದು ಭತ್ತದ ಹೊಟ್ಟಿನ ಬೂದಿಯ ಮೇಲೆ. ಅದರ ಬಹುಪಾಲು ಸಿಲಿಕಾ, ಮೈತುಂಬ ಸೂಕ್ಷ್ಮ ರಂಧ್ರ. ನೀರಿಗೆ ಒಲಿಯುವ ಗ್ಲಿಸರಿನ್, ಸಾಬೂನು, ಮೆಥನಾಲ್ ಅದರ ಮೈಗೆ ಅಂಟುತ್ತವೆ. ಎಣ್ಣೆಯ ಜಾತಿಯ ಬಯೋಡೀಸೆಲ್ ಜಾರಿ ಮುಂದೆ ಹೋಗುತ್ತದೆ. ಕರಿದೆಣ್ಣೆಯ ಬಯೋಡೀಸೆಲ್ ಮೇಲೆ ಬ್ರೆಜಿಲ್‌ನಲ್ಲಿ ನಡೆದ ಪ್ರಯೋಗದಲ್ಲಿ ಶೇ 4ರಷ್ಟು ಬೂದಿ, ಶೇ 1ರಷ್ಟು ದುಬಾರಿ ಪುಡಿಗೆ ಸರಿಸಾಟಿಯಾಯಿತು.

ಲೆಕ್ಕ ಹಾಕಿ ನೋಡಿ. ಭತ್ತದ ಐದನೇ ಒಂದು ಪಾಲು ಹೊಟ್ಟು, ಹೊಟ್ಟಿನ ಐದನೇ ಒಂದು ಪಾಲು ಬೂದಿ. ಒಂದು ಟನ್ ಭತ್ತಕ್ಕೆ ಸುಮಾರು 40 ಕೆ.ಜಿ. ಬೂದಿ, ಶೇ 4ರ ಪ್ರಕಾರ ಅಷ್ಟು ಒಂದು ಟನ್ ಬಯೋಡೀಸೆಲ್‌ಗೆ ಸಾಕು. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಇಳಿಯುವ ಅಕ್ಕಿ ಮೂಟೆಗಳ ಹಿಂದೆ ಯಾವುದೋ ಗಿರಣಿಯ ಹಿತ್ತಲಿನಲ್ಲಿ ಬೂದಿಯ ಗುಡ್ಡೆ ಇದ್ದೇ ಇರುತ್ತದೆ. ಕೊರತೆಯ ಮಾತೇ ಇಲ್ಲ.

ಹಾಗೆಂದು ಬಿಟ್ಟಿ ಬೂದಿಯೆಲ್ಲ ಅಗ್ಗದ ಬೂದಿಯಲ್ಲ. ಬಾಯ್ಲರ್ ವಿಪರೀತ ಕಾದರೆ ಸಿಲಿಕಾ ಹರಳುಗಟ್ಟಿ ಹೀರುವ ಶಕ್ತಿ ಕುಗ್ಗುತ್ತದೆ. ಆ ಹರಳಿನ ದೂಳು ಉಸಿರಿನೊಂದಿಗೆ ಹೋದರೆ ಶ್ವಾಸಕೋಶಕ್ಕೆ ಹಾನಿ. ಇಂದಿನ ಲಾರಿಯ ಬೂದಿ ನಿನ್ನೆಯದರಂತೆ ಇರುವುದಿಲ್ಲ, ಪ್ರತಿ ಲೋಡನ್ನೂ ಪರೀಕ್ಷಿಸಬೇಕು. ಬೂದಿ ಹಾಕುವ ಮುಂಚೆ ಮೆಥನಾಲನ್ನು ಕಾಯಿಸಿ ಹಿಂಪಡೆಯಬೇಕು, ಏಕೆಂದರೆ ಗ್ಲಿಸರಿನ್, ಸಾಬೂನನ್ನು ಇಂಧನದಲ್ಲಿ ಕರಗಿಸಿ ಹಿಡಿದಿಡುವುದೇ ಅದು. ಮೆಥನಾಲ್ ವಿಷ, ಥಟ್ಟನೆ ಹೊತ್ತಿಕೊಳ್ಳುತ್ತದೆ; ಇದು ಮನೆಯ ಟೆರೇಸಿನ ಮೇಲೆ ಮಾಡುವ ಕೆಲಸವಲ್ಲ. ಅರೆಬರೆಯಾದ ರಾಸಾಯನಿಕ ಕ್ರಿಯೆಯನ್ನು ಯಾವ ಬೂದಿಯೂ ಸರಿಪಡಿಸದು. ಸಾಲದ್ದಕ್ಕೆ ಬೂದಿ ತಾನೂ ಒಂದಷ್ಟು ಬಯೋಡೀಸೆಲ್ ಕುಡಿದುಬಿಡುತ್ತದೆ. ಆ ನಷ್ಟವನ್ನೂ, ಬಳಸಿದ ಬೂದಿ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಘಟಕದ ಲೆಕ್ಕಪತ್ರದಲ್ಲಿ ಮೊದಲ ದಿನವೇ ಬರೆದಿಡಬೇಕು. ಎಣ್ಣೆಯಂಶ ಹಿಡಿದ ಬೂದಿ ಉರಿಯುತ್ತದೆ. ಅದರ ಜಾಗ ಇಟ್ಟಿಗೆ ಗೂಡು, ರಸ್ತೆ ಬದಿಯ ತಿಪ್ಪೆಯಲ್ಲ.