ಹಿತ್ತಲ ಕೊಳಕ್ಕೆ ಬೋರ್ ನೀರೇ?

ಹಿತ್ತಲಲ್ಲಿ ಕೊಳ ಮಾಡಿಸೋದು ಈಗ ನಮ್ಮ ಕಡೆ ಹೊಸ ಹುಕಿ. ಹೊಸ ಮನೆ ಕಟ್ಟಿಸಿದವರು, ತೋಟದ ಮನೆ ಮಾಡಿದವರು, ಹೋಂಸ್ಟೇ ಇಟ್ಟವರು ಎಲ್ಲರಿಗೂ ಒಂದೊಂದು ಬೇಕು. ಗುಂಡಿ ತೋಡಿಸು, ನೀಲಿ ಪ್ಲಾಸ್ಟಿಕ್ ಹಾಳೆ ಹಾಸು, ಅಂಚಿಗೆ ಕಲ್ಲು ಜೋಡಿಸು, ಸಣ್ಣ ಮೋಟರಿಟ್ಟು ಕಾರಂಜಿ ಚಿಮ್ಮಿಸು, ಬಣ್ಣದ ಮೀನು ಬಿಡು. ನೀರು? ಬೋರಿಂದ. ಸ್ವಿಚ್ ಒತ್ತಿದರೆ ಆಯ್ತಲ್ಲ!

ನನ್ನ ತಕರಾರು ಕೊಳದ ಮೇಲಲ್ಲ, ಆ ಸ್ವಿಚ್ಚಿನ ಮೇಲೆ. ಮಳೆ ನೀರಿಗೆ ಬಾಯಿ ತೆರೆಯದ ಗುಂಡಿಯನ್ನು ಕೊಳ ಅಂತ ಕರೆಯೋದೇ ತಪ್ಪು. ಅದು ನೆಲದಲ್ಲಿ ಹೂತಿಟ್ಟ ತೊಟ್ಟಿ, ಅಷ್ಟೆ.

ನಾವಿರೋದು ಎಲ್ಲಿ ಅಂತ ಸ್ವಲ್ಪ ನೆನಪಿಸಿಕೊಳ್ಳಿ. ಅರಸೀಕೆರೆ ಅನ್ನೋ ಹೆಸರು ಬಂದದ್ದೇ ಅರಸಿಯ ಕೆರೆಯಿಂದ. ಹಳೇಬೀಡು ಹೊಯ್ಸಳರ ರಾಜಧಾನಿಯಾಗಿದ್ದಾಗ ಅದು ದೋರಸಮುದ್ರ. ಆ ಸಮುದ್ರ ಬೇರೇನಲ್ಲ, ಊರ ದೊಡ್ಡ ಕೆರೆ. ಬೇಲೂರಿನ ಚೆನ್ನಕೇಶವನ ಪ್ರಾಕಾರದೊಳಗೆ ವಾಸುದೇವ ತೀರ್ಥ ಇದೆ. ಹಳೇಬೀಡಿನ ಮಗ್ಗುಲಲ್ಲಿ ಹುಲಿಕೆರೆಯ ಕಲ್ಯಾಣಿ ಇದೆ. ನಮ್ಮೂರುಗಳ ಹೆಸರಲ್ಲೆಲ್ಲ ನೀರಿದೆ. ಬೋರಲ್ಲಿ ಮಾತ್ರ ಇಲ್ಲ. ಬರದ ವರ್ಷಗಳಲ್ಲಿ ಅರಸೀಕೆರೆ ಸೀಮೆಯ ತೆಂಗಿನ ತೋಟಗಳೇ ಸುಳಿ ಒಣಗಿ ನಿಂತದ್ದನ್ನು ನೋಡಿದವರು ನಾವು. ದ್ವಾರಸಮುದ್ರದ ಕೆರೆಗೆ ಯಗಚಿ ನೀರು ಬರಲಿ ಅಂತ, ರಣಘಟ್ಟ ಯೋಜನೆಗಾಗಿ ಹಳೇಬೀಡಿನ ರೈತರು ವರ್ಷಗಟ್ಟಲೆ ಹೋರಾಡಿದರು. ಇಂಥ ಸೀಮೆಯಲ್ಲಿ ಪಾತಾಳದಿಂದ ನೀರೆತ್ತಿ ಕಾರಂಜಿ ಚಿಮ್ಮಿಸೋದಕ್ಕೆ ಏನನ್ನಬೇಕು?

'ಅಯ್ಯೋ, ಒಂದು ಪುಟ್ಟ ಕೊಳಕ್ಕೆ ಇಷ್ಟೊಂದು ರಂಪವೇ?' ಅನ್ನಬಹುದು. ಲೆಕ್ಕ ಹಾಕೋಣ. ಹತ್ತಡಿ ಉದ್ದ, ಹತ್ತಡಿ ಅಗಲದ ಕೊಳದಿಂದ ಬಿಸಿಲಿನ ದಿನ ಅರ್ಧ ಸೆಂಟಿಮೀಟರ್ ನೀರು ಆವಿಯಾದರೂ ಸುಮಾರು 46 ಲೀಟರ್. ಮೂರು ಕೊಡ. ತಿಂಗಳಿಗೆ ಹತ್ತಿರಹತ್ತಿರ 1,400 ಲೀಟರ್. ಕಾರಂಜಿ ಹಾಕಿದರೆ ಇನ್ನೂ ಹೆಚ್ಚು. ಮೀನು ಸಾಯಬಾರದಲ್ಲ, ಅದಕ್ಕೇ ಮತ್ತೆ ಬೋರು, ಮತ್ತೆ ಸ್ವಿಚ್ಚು. ಪಕ್ಕದ ಬೀದಿಯವರು ಟ್ಯಾಂಕರಿಗೆ ಕಾಯ್ತಿರೋ ಏಪ್ರಿಲ್ಲಿನಲ್ಲೇ ಈ ಕೊಳಕ್ಕೆ ದಾಹ ಜಾಸ್ತಿ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ, ಕುಡಿಯುವ ನೀರನ್ನು ಕಾರಂಜಿಗೆ, ಕೈತೋಟಕ್ಕೆ, ಕಾರು ತೊಳೆಯೋಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಹೊರಡಿಸಿತು. ಅಂಥ ಆದೇಶ ನಮ್ಮೂರಿಗೂ ಬರೋವರೆಗೆ ಕಾಯಬೇಕೇ?

ಇನ್ನೊಂದು ಲೆಕ್ಕವೂ ಇದೆ, ಇದು ಖುಷಿಯದ್ದು. ಸಾವಿರ ಚದರಡಿ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 93 ಲೀಟರ್. ವರ್ಷಕ್ಕೆ 600 ಮಿಲಿಮೀಟರ್ ಅಂತ ಕಂಜೂಸಾಗಿ ಹಿಡಿದು, ಅದರಲ್ಲಿ ಐದನೇ ಒಂದು ಪಾಲು ಸೋರಿ ಹೋಯ್ತು ಅಂತ ಬಿಟ್ಟರೂ 44,000 ಲೀಟರಿಗಿಂತ ಹೆಚ್ಚು ಸಿಗುತ್ತೆ. ಬೇಲೂರಿನ ಕಡೆ ಇನ್ನೂ ಜಾಸ್ತಿ. ಹತ್ತಡಿ ಉದ್ದ, ಆರಡಿ ಅಗಲ, ಮೂರಡಿ ಆಳದ ಕೊಳ ಹಿಡಿಯೋದು ಬರೀ 5,000 ಲೀಟರ್. ಅಂದರೆ ನಿಮ್ಮ ಚಾವಣಿ ಅಂಥ ಎಂಟು ಕೊಳ ತುಂಬಿಸಿ ಮಿಗಿಸುತ್ತೆ. ಆ ನೀರನ್ನು ಪೈಪಿನಲ್ಲಿ ಚರಂಡಿಗೆ ಅಟ್ಟಿ, ಬೋರಿಂದ ಕೊಳ ತುಂಬಿಸೋ ಜಾಣರು ನಾವು!

ಮಾಡೋದಾದರೆ ಹೀಗೆ ಮಾಡಿ. ಚಾವಣಿಯ ಪೈಪನ್ನು ಜಲ್ಲಿ ಮರಳಿನ ತೊಟ್ಟಿಯಲ್ಲಿ ಸೋಸಿ ಕೊಳಕ್ಕೆ ಬಿಡಿ. ಮೊದಲ ಮಳೆಯ ಕೊಳೆ ನೀರು ಮಾತ್ರ ಹೊರಗೆ ಹೋಗಲಿ. ಕೊಳ ತುಂಬಿ ಕೋಡಿ ಹರಿದದ್ದು ಬಾಳೆಬುಡಕ್ಕೋ ಇಂಗುಗುಂಡಿಗೋ ಹೋಗಲಿ. ತಳಕ್ಕೆ ಪ್ಲಾಸ್ಟಿಕ್ ಬದಲು ಕೆರೆಯ ಗೋಡುಮಣ್ಣನ್ನು ಕಲಸಿ ತುಳಿದು ಮೆತ್ತಿ. ಸ್ವಲ್ಪ ಇಂಗುತ್ತೆ, ಇಂಗಲಿ. ಅದು ನಷ್ಟವಲ್ಲ, ನೆಲಕ್ಕೆ ತೀರಿಸೋ ಸಾಲ.

ಮೆಟ್ಟಿಲು ಮರೀಬೇಡಿ. ಇದು ಅಂದದ ಮಾತಲ್ಲ, ಜೀವದ ಮಾತು. ಕೃಷಿಭಾಗ್ಯದ ಹೊಂಡಗಳು ಬೆಳೆಗೆ ಆಸರೆಯಾದವು, ಅದನ್ನು ಅಲ್ಲಗಳೆಯೋಲ್ಲ. ಆದರೆ ಪ್ಲಾಸ್ಟಿಕ್ ಹಾಸಿದ ಇಳಿಜಾರಿನಲ್ಲಿ ಜಾರಿದ ಮಗು ಹತ್ತಿ ಬರೋಕಾಗದೆ ಮುಳುಗಿದ ಸುದ್ದಿ ರಾಜ್ಯದಲ್ಲಿ ಎಷ್ಟು ಸಲ ಓದಿಲ್ಲ ನಾವು? ಹುಲಿಕೆರೆಯ ಕಲ್ಯಾಣಿ ನೋಡಿ: ನೀರು ಎಷ್ಟೇ ಇಳಿಯಲಿ, ಕಾಲಿಡೋಕೆ ಒಂದು ಮೆಟ್ಟಿಲು ಇದ್ದೇ ಇರುತ್ತೆ. ಇಳಿದವನು ಹತ್ತಿ ಬರಬೇಕು ಅನ್ನೋ ವಿವೇಕ 12ನೇ ಶತಮಾನದವರಿಗಿತ್ತು. ಹಿತ್ತಲ ಕೊಳಕ್ಕೂ ಒಂದು ಬದಿ ನಾಲ್ಕು ಮೆಟ್ಟಿಲಿರಲಿ, ಸುತ್ತ ಬೇಲಿಯಿರಲಿ. ಬಿದ್ದ ಅಳಿಲು, ಕಪ್ಪೆಗೂ ಅದೇ ದಾರಿ.

ಸೊಳ್ಳೆ? ನ್ಯಾಯವಾದ ಪ್ರಶ್ನೆ. ಮೊಟ್ಟೆ ಸೊಳ್ಳೆಯಾಗಿ ಹಾರೋಕೆ ವಾರ, ಹತ್ತು ದಿನ ಸಾಕು. ಆದರೆ ಡೆಂಗಿಯ ಸೊಳ್ಳೆಗೆ ಅಚ್ಚುಮೆಚ್ಚು ಹಳೇ ಟೈರು, ಕರಟ, ಮುಚ್ಚದ ಡ್ರಮ್ಮು. ಮೊದಲು ಅವನ್ನು ನೋಡಿಕೊಳ್ಳಿ. ಕೊಳಕ್ಕೆ ಊರ ಕೆರೆಯ ಸಣ್ಣ ಮೀನು ಬಿಡಿ. ಏರೋಪ್ಲೇನ್ ಚಿಟ್ಟೆಗಳು ತಾವಾಗೇ ಬರುತ್ತವೆ, ಅವುಗಳ ಮರಿಗಳಿಗೆ ಸೊಳ್ಳೆಮರಿಯೇ ಊಟ. 1928ರಲ್ಲಿ ದೇಶಕ್ಕೆ ತಂದ ಅಮೆರಿಕದ ಗಂಬೂಸಿಯಾ ಮೀನನ್ನು ಮಾತ್ರ ಬಿಡಬೇಡಿ. ಅದು ಸೊಳ್ಳೆಮರಿಯ ಜತೆಗೆ ಕಪ್ಪೆಮರಿಯನ್ನೂ ಬೇರೆ ಮೀನಿನ ಮೊಟ್ಟೆಯನ್ನೂ ಮುಕ್ಕುತ್ತೆ, ಕೋಡಿ ಹರಿದರೆ ಕೆರೆ ಸೇರುತ್ತೆ.

ಕೊನೆಯ ಮಾತು ಕೆಲವರಿಗೆ ಹಿಡಿಸದು. ಬೇಸಿಗೆಯಲ್ಲಿ ಕೊಳ ಒಣಗಿದರೆ ಒಣಗಲಿ. ನಮ್ಮ ಕೆರೆಗಳೂ ಬೇಸಿಗೆಯಲ್ಲಿ ಇಳಿಯುತ್ತಿದ್ದವು, ಊರವರು ಆಗಲೇ ಹೂಳೆತ್ತಿ ಹೊಲಕ್ಕೆ ಹೊಡೆಯುತ್ತಿದ್ದರು. ನೀವೂ ಮೀನನ್ನು ತೊಟ್ಟಿಗೆ ಹಾಕಿ, ಉಳಿದ ನೀರನ್ನು ಗಿಡಕ್ಕೆ ಸುರಿದು, ತಳದ ಕೆಸರನ್ನು ತೆಂಗಿನ ಬುಡಕ್ಕೆ ಹಾಕಿ. ವರ್ಷವಿಡೀ ತುಂಬಿ ತುಳುಕೋ ಕೊಳ ಬೇಕೇ ಬೇಕು ಅನ್ನೋರು ಹುಲಿಕೆರೆಗೆ ಹೋಗಿ ಕೂತು ಬರಲಿ, ಟಿಕೆಟ್ಟೇನೂ ಇಲ್ಲ. ಹಿತ್ತಲಲ್ಲೇ ಬೇಕು ಅನ್ನೋರು ಮುಂಗಾರಿಗೆ ಮುಂಚೆ ಗುದ್ದಲಿ ಹಿಡಿಯಿರಿ. ಮೋಟರು ಮಾತ್ರ ತರಬೇಡಿ.